ಎದುರಿನ ಕೋಣೆಯ ತೆರಿಗೆ

ದರ್ಬೆಯ ಮನೆಗೆ ಬಂದ ಮೇಲೆ ಕೈಗೆ ಸಿಕ್ಕ ಮೊದಲ ತೆರಿಗೆ ಬಿಲ್ಲಿನಲ್ಲಿ ನಮ್ಮ ಮನೆಯ ಎದುರಿನ ಕೋಣೆಯನ್ನು ಅಂಗಡಿ ಎಂದು ಬರೆದಿದ್ದರು. ಆ ಕೋಣೆಯಲ್ಲಿ ನನ್ನ ಅಕ್ಕ ಮಲಗಿದ್ದಳು.

ಬಿಲ್ಲನ್ನು ಮತ್ತೊಮ್ಮೆ ಓದಿದೆ. ಒಳಗಿನ ಕೋಣೆಗಳು, ಅಡುಗೆಮನೆ, ಬಚ್ಚಲು ಎಲ್ಲ ವಾಸದ ಲೆಕ್ಕಕ್ಕೆ ಸೇರಿದ್ದವು. ಎದುರಿನ ಕೋಣೆ ಮಾತ್ರ ವಾಣಿಜ್ಯ. ಅದೊಂದಕ್ಕೇ ಹಾಕಿದ ತೆರಿಗೆ ಉಳಿದ ಇಡೀ ಮನೆಯದ್ದಕ್ಕಿಂತ ಹೆಚ್ಚಿತ್ತು. ಇದು ಕಣ್ತಪ್ಪಿನಿಂದ ಆಗಿರಬೇಕು, ಹೋಗಿ ಹೇಳಿದರೆ ಸರಿಮಾಡಿ ಕೊಡುತ್ತಾರೆ ಎಂದುಕೊಂಡೆ. ಸರಿಯಾದದ್ದು ಹೌದು. ಆದರೆ ಅಷ್ಟರಲ್ಲಿ ಆ ಕೋಣೆಯ ಕಥೆಯೇ ಬೇರೆ ಆಗಿತ್ತು.

ನಾವು ಕಡಬದವರು. ಅಕ್ಕ ಅಲ್ಲಿ ಜೀಪುಗಳು ನಿಲ್ಲುವ ಜಾಗದ ಹತ್ತಿರ ಒಂದು ಸಣ್ಣ ಕೋಣೆಯನ್ನು ಬಾಡಿಗೆಗೆ ಹಿಡಿದು ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ಅವಳು ಮದುವೆಯಾಗಲಿಲ್ಲ. ನನಗೆ ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ತೀರಿಹೋದರು. ಮಕ್ಕಳಿರಲಿಲ್ಲ. ಅಕ್ಕ ಬಂದು ನನ್ನ ಪೆಟ್ಟಿಗೆ ಎತ್ತಿಕೊಂಡು, "ಬಾ, ಹೋಗುವ" ಎಂದಳು. ಅಂದಿನಿಂದ ಇಬ್ಬರೂ ಒಂದೇ ಮನೆಯಲ್ಲಿ ಬಾಳಿದೆವು. ನಾನು ಇಚಿಲಂಪಾಡಿ ಕಡೆ ಶಾಲೆಯಲ್ಲಿ ಟೀಚರ್ ಆಗಿದ್ದೆ. ಬೆಳಿಗ್ಗೆ ಇಬ್ಬರೂ ಜೊತೆಯಲ್ಲಿ ಪೇಟೆಗೆ ಇಳಿಯುತ್ತಿದ್ದೆವು. ಅವಳು ಮೆಷಿನಿನ ಎದುರು ಕೂತರೆ ಕಣ್ಣು ಬಟ್ಟೆಯ ಮೇಲೆ, ಕಿವಿ ರಸ್ತೆಯ ಮೇಲೆ. ಯಾರು ಯಾವ ಜೀಪು ಹತ್ತಿದರು, ಯಾರ ಮಗಳು ಹೆರಿಗೆಗೆ ಬಂದಿದ್ದಾಳೆ, ಯಾರ ರಬ್ಬರ್ ಶೀಟಿಗೆ ಒಳ್ಳೆಯ ಬೆಲೆ ಸಿಕ್ಕಿದೆ, ಎಲ್ಲವೂ ಅವಳಿಗೆ ಗೊತ್ತು. ಊಟಕ್ಕೆ ಕೂತಾಗ ಆ ದಿನದ ಸುದ್ದಿಯೇ ನಮಗೆ ಪದಾರ್ಥ.

ನಾನು ನಿವೃತ್ತಿಯಾದ ವರ್ಷ ಅವಳಿಗೆ ಪಾರ್ಶ್ವವಾಯು ಆಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು. ಮಾತು ತೊದಲಿತು. ಕಡಬದ ನಮ್ಮ ಮನೆ ರಸ್ತೆಯಿಂದ ಎತ್ತರದಲ್ಲಿತ್ತು. ವ್ಯಾಯಾಮ ಚಿಕಿತ್ಸೆಗೆ ಪುತ್ತೂರಿಗೆ ಕರೆದುಕೊಂಡು ಹೋಗಬೇಕಾದಾಗಲೆಲ್ಲ ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಗಂಡಸರನ್ನು ಹಿಡಿದು ಮೆಟ್ಟಿಲು ಇಳಿಸಬೇಕಿತ್ತು. ಅವಳಿಗೆ ಅದು ಪ್ರಾಣಸಂಕಟ. ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದಳು. ನೋವಿಗಲ್ಲ, ನಾಚಿಕೆಗೆ. ಕೊನೆಗೆ ಆ ಮನೆ ಮಾರಿ ಪುತ್ತೂರಿನಲ್ಲೇ, ದರ್ಬೆಯ ಒಳರಸ್ತೆಯಲ್ಲಿ ಈ ಮನೆ ಕೊಂಡೆ. ಮೊದಲಿನ ಯಜಮಾನರು ಎದುರಿನ ಕೋಣೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದರು. ಹಾಗಾಗಿ ಅದಕ್ಕೆ ಬಾಗಿಲ ಬದಲು ರಸ್ತೆಗೆ ತೆರೆಯುವ ಶಟರ್. ಒಳಗಿನ ಕೋಣೆಗಳ ಬಾಗಿಲು ಕಿರಿದು. ರೋಗಿಗಳಿಗೆ ಎರವಲು ಕೊಡುವವರಿಂದ ತಂದ, ತಲೆಯ ಕಡೆ ಎತ್ತರಿಸಬಹುದಾದ ಮಂಚ ಆ ಬಾಗಿಲುಗಳಲ್ಲಿ ಹೇಗೆ ತಿರುಗಿಸಿದರೂ ಹೋಗಲಿಲ್ಲ. "ಇಲ್ಲೇ ಇರಲಿ," ಎಂದಳು ಅಕ್ಕ. ಎದುರಿನ ಕೋಣೆ ಅವಳದಾಯಿತು.

ಮೊದಲಿಗೆ ನಾನು ಶಟರನ್ನು ಅರ್ಧಕ್ಕೆ ಎತ್ತಿ, ಒಳಗೆ ದಪ್ಪ ಪರದೆ ಕಟ್ಟಿದ್ದೆ. ಅವಳು ಎಡಗೈಯಲ್ಲಿ ಪರದೆ ತೋರಿಸಿ, ಸರಿಸು ಎಂದಳು.

"ರಸ್ತೆಯಲ್ಲಿ ಹೋಗುವವರೆಲ್ಲ ನೋಡ್ತಾರೆ ಅಕ್ಕ."

"ನೋಡ್ಲಿ. ನಾನೂ ನೋಡ್ತೇನೆ."

ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ತೊದಲಿದರೂ ಅವಳ ತುಳು ನನಗೆ ಪೂರ್ತಿ ಅರ್ಥವಾಗುತ್ತಿತ್ತು. ಬೇರೆಯವರಿಗೆ ಸ್ವಲ್ಪ ಕಷ್ಟ. ಆದರೂ ಜನ ನಿಲ್ಲತೊಡಗಿದರು. ಮೊದಲು ಬಂದವರು ಆಧಾರ್ ಕಾರ್ಡು ಹಿಡಿದುಕೊಂಡು ಜೆರಾಕ್ಸ್ ಕೇಳಲು ಬಂದವರು. ಮಂಚ ನೋಡಿ ಗಾಬರಿಯಾಗಿ, "ಅಯ್ಯೋ, ಗೊತ್ತಾಗಲಿಲ್ಲ" ಎಂದು ಹಿಂದೆ ಸರಿಯುತ್ತಿದ್ದರು. ಅಕ್ಕ ಬಿಡುತ್ತಿರಲಿಲ್ಲ. ಯಾವ ಊರು, ಯಾರ ಪೈಕಿ ಎಂದು ವಿಚಾರಿಸುತ್ತಿದ್ದಳು. ಕಡಬ, ಸುಳ್ಯದ ಕಡೆಯವರಾದರೆ ಮಾತು ಬೇಗ ಮುಗಿಯುತ್ತಿರಲಿಲ್ಲ. ಸ್ಕೂಟರಿನಲ್ಲಿ ಮೀನು ತರುವವನು ನಮ್ಮ ಶಟರಿನ ಎದುರೇ ಹಾರ್ನ್ ಹಾಕುತ್ತಿದ್ದ. ಅಕ್ಕ ಮಲಗಿದಲ್ಲಿಂದಲೇ, "ಬಂಗುಡೆಯ ಕಣ್ಣು ತೋರಿಸು" ಎನ್ನುತ್ತಿದ್ದಳು. ಅವನು ಒಂದನ್ನು ಎತ್ತಿ ಮಂಚದ ಹತ್ತಿರ ಹಿಡಿಯುತ್ತಿದ್ದ.

ರಸ್ತೆಯ ಆಚೆ ದಿನಸಿ ಅಂಗಡಿ. ಗಲ್ಫಿನಲ್ಲಿ ಬಹಳ ವರ್ಷ ದುಡಿದು ಬಂದ ಬ್ಯಾರಿ ಒಬ್ಬರು ನಡೆಸುತ್ತಿದ್ದರು. ಅಕ್ಕ ಅವರನ್ನು "ಸಾಯ್ಬ್ರೇ" ಎಂದು ಕರೆಯುತ್ತಿದ್ದಳು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅವರು ಸ್ಟೂಲ್ ತಂದು ಶಟರಿನ ಹೊರಗೆ ಹಾಕಿ ಕೂರುತ್ತಿದ್ದರು. ಅವರ ತಾಯಿಯ ಕಡೆಯವರು ಕಡಬದವರಂತೆ. ಅಕ್ಕ ಹೊಲಿದ ಬಟ್ಟೆಯನ್ನು ಅವರ ಚಿಕ್ಕಮ್ಮಂದಿರು ತೊಟ್ಟಿರಲೂಬಹುದು. ಅದು ಗೊತ್ತಾದ ದಿನ ಅಕ್ಕನ ಮುಖ ನೋಡಬೇಕಿತ್ತು.

ಹೀಗಿರುವಾಗ ಆ ಬಿಲ್ಲು ಬಂತು.

ತೆರಿಗೆ ಕಚೇರಿಯಲ್ಲಿ ನನ್ನನ್ನು ಕೂರಿಸಿ ಮಾತಾಡಿಸಿದ ಗುಮಾಸ್ತರು ಒಳ್ಳೆಯವರೇ. ಹಳೆಯ ದಾಖಲೆ ತೆಗೆದು ನೋಡಿ ಹೇಳಿದರು: "ಇದು ಮೊದಲಿಂದಲೂ ಅಂಗಡಿ ಅಂತಲೇ ಉಂಟು ಟೀಚರೇ. ಖಾತೆ ನಿಮ್ಮ ಹೆಸರಿಗೆ ಆಗುವಾಗ ಹಾಗೇ ಮುಂದೆ ಬಂದಿದೆ."

"ಈಗ ಅಂಗಡಿ ಇಲ್ಲ. ನನ್ನ ಅಕ್ಕ ಮಲಗುದು ಅಲ್ಲಿ. ಅವಳಿಗೆ ಸೌಖ್ಯ ಇಲ್ಲ."

"ಶಟರ್ ಉಂಟಾ?"

"ಉಂಟು."

"ಅದೇ ನೋಡಿ. ಶಟರ್ ಇದ್ರೆ ನಾವು ಅಂಗಡಿ ಅಂತಲೇ ಹಿಡಿಯುದು. ನೀವು ಒಂದು ಕೆಲಸ ಮಾಡಿ. ಶಟರ್ ತೆಗೆಸಿ, ಗೋಡೆ ಕಟ್ಟಿ ಒಂದು ಕಿಟಕಿ ಇಡಿ. ಫೋಟೋ ತಂದು ಕೊಡಿ. ಮತ್ತೆ ತಕರಾರೇ ಇಲ್ಲ."

ನನಗೆ ಅದು ಸರಿಯಾದ ಮಾತು ಎನಿಸಿತು. ಗೋಡೆ ಕಟ್ಟಿದರೆ ಧೂಳೂ ಕಡಿಮೆ, ಸೆಕೆಯೂ ಕಡಿಮೆ. ಬರುವ ದಾರಿಯಲ್ಲೇ ಮೇಸ್ತ್ರಿಯನ್ನು ವಿಚಾರಿಸಿ ಬಂದೆ. ಅಕ್ಕನಿಗೆ ಗಂಜಿ ಉಣಿಸುತ್ತ ಹೇಳಿದೆ. ಅವಳು ಬಾಯಿ ಮುಚ್ಚಿಬಿಟ್ಟಳು. ಚಮಚ ತುಟಿಗೆ ಮುಟ್ಟಿಸಿದರೂ ತೆರೆಯಲಿಲ್ಲ.

"ಎಂತ ಆಯ್ತು?"

"ಗೋಡೆ ಬೇಡ."

"ಕಿಟಕಿ ಇಡುವ ಅಕ್ಕ. ದೊಡ್ಡ ಕಿಟಕಿ."

"ಮಲಗಿದವಳಿಗೆ ಕಿಟಕಿಯಲ್ಲಿ ಎಂತ ಕಾಣ್ತದೆ? ಆಕಾಶ. ನನಗೆ ಆಕಾಶ ಬೇಡ ಮಾರಾಯ್ತಿ."

"ಅವರು ಅಂಗಡಿ ಅಂತ ಬರೆದಿದ್ದಾರಲ್ಲ. ವರ್ಷ ವರ್ಷವೂ ಅಂಗಡಿಯ ತೆರಿಗೆ ಕಟ್ಟುದಾ?"

ಅವಳು ಸ್ವಲ್ಪ ಹೊತ್ತು ರಸ್ತೆ ನೋಡಿದಳು. ಆಮೇಲೆ ವಕ್ರವಾಗಿದ್ದ ತುಟಿಯಲ್ಲೇ ನಕ್ಕಳು. "ಅಂಗಡಿ ಅಂತ ಬರೆದಿದ್ದಾರಾ? ಬರೀಲಿ ಬಿಡು. ಬಟ್ಟೆ ಹೊಲಿಲಿಕ್ಕೆ ಆಗುದಿಲ್ಲ. ಬಂದವರತ್ರ ಮಾತಾಡ್ಲಿಕ್ಕೆ ಆಗ್ತದಲ್ಲ."

ಅಲ್ಲಿಗೆ ಮೇಸ್ತ್ರಿಯ ವಿಷಯ ಬಿಟ್ಟೆ. ಬದಲಿಗೆ ಕಚೇರಿಗೆ ಹೋಗಿ, ಯಾರಾದರೂ ಬಂದು ಕಣ್ಣಾರೆ ನೋಡಿ ಎಂದು ಅರ್ಜಿ ಕೊಟ್ಟೆ. ಆ ಕೋಣೆಯಲ್ಲಿ ನನ್ನ ಅಕ್ಕ ಹಾಸಿಗೆ ಹಿಡಿದು ವಾಸವಾಗಿದ್ದಾಳೆ, ಯಾವ ವ್ಯಾಪಾರವೂ ಇಲ್ಲ, ಶಟರ್ ತೆಗೆಯುವ ಸ್ಥಿತಿಯಲ್ಲಿ ನಾವಿಲ್ಲ, ಸ್ಥಳ ತನಿಖೆ ಮಾಡಿ ತಿದ್ದಬೇಕು ಎಂದು ಬರೆದೆ. ಗುಮಾಸ್ತರು ಓದಿ, "ಬರೆದದ್ದು ಲಾಯ್ಕ ಉಂಟು. ಆದರೆ ನೋಡಲು ಬರಬೇಕಾದವರಿಗೆ ವರ್ಗ ಆಗಿದೆ. ಹೊಸಬರು ಬರ್ಲಿ" ಎಂದರು.

ಹೊಸಬರು ಬರಲಿಲ್ಲ. ಆಮೇಲೆ ಚುನಾವಣೆಯ ಕೆಲಸ ಬಂತು. ಕಚೇರಿಯವರೆಲ್ಲ ಅದರ ಹಿಂದೆ ಬಿದ್ದರು. ನಾನು ಹೋಗುವುದು, ಅವರು "ಸ್ವಲ್ಪ ತಡೀರಿ ಟೀಚರೇ" ಎನ್ನುವುದು, ನಾನು ಬರುವುದು. ಯಾರೂ ಒರಟಾಗಿ ಮಾತಾಡಲಿಲ್ಲ. ಒರಟಾಗಿ ಮಾತಾಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಈ ನಡುವೆ ಹಿಂದಿನ ಓಣಿಯ ಹೆಂಗಸೊಬ್ಬಳು ಒಂದು ರವಕೆ ಹಿಡಿದುಕೊಂಡು ಬಂದಳು. ಹೊಸತು, ಮದುವೆಗೆಂದು ಹೊಲಿಸಿದ್ದು. ಕೈ ಎತ್ತಿದರೆ ಕಂಕುಳಲ್ಲಿ ಹಿಡಿಯುತ್ತದೆ. ಹೊಲಿದವಳು ಸರಿಯಾಗಿಯೇ ಉಂಟು ಎಂದು ಕಳಿಸಿದ್ದಳಂತೆ. ಅಕ್ಕ ಟೈಲರ್ ಆಗಿದ್ದವಳು ಎಂದು ದಿನಸಿ ಅಂಗಡಿಯವರು ಹೇಳಿದ್ದರು. ಅಕ್ಕ ರವಕೆಯನ್ನು ಎದೆಯ ಮೇಲೆ ಹರಡಿಸಿಕೊಂಡು, ಎಡಗೈ ಬೆರಳಲ್ಲಿ ಹೊಲಿಗೆಯ ಉದ್ದಕ್ಕೂ ಸವರಿದಳು. ಒಂದು ಕಡೆ ಬೆರಳು ನಿಂತಿತು. "ಇಲ್ಲಿ ಬಿಚ್ಚು," ಎಂದು ನನಗೆ ಹೇಳಿದಳು. ನಾನು ಬಿಚ್ಚಿದೆ. ಎಲ್ಲಿ ಸೂಜಿ ಚುಚ್ಚಬೇಕು, ಎಷ್ಟು ಸಡಿಲ ಬಿಡಬೇಕು ಎಂದು ಅವಳು ಹೇಳುತ್ತ ಹೋದಳು, ನಾನು ಕೈಯಲ್ಲಿ ಹೊಲಿದೆ. ಅಷ್ಟು ವರ್ಷ ಜೊತೆಗಿದ್ದರೂ ಅವಳು ನನಗೆ ಹೊಲಿಗೆ ಕಲಿಸಿರಲಿಲ್ಲ, ನಾನು ಕಲಿಯಲೂ ಇಲ್ಲ. "ನಿನ್ನ ಹೊಲಿಗೆ ಏಡಿ ನಡೆದ ಹಾಗೆ ಉಂಟು," ಎಂದು ಬೈದಳು. ಹೆಂಗಸು ಒಳಗೆ ಹೋಗಿ ತೊಟ್ಟು ಬಂದು ಕೈ ಎತ್ತಿ ತೋರಿಸಿದಳು. ಹಿಡಿಯಲಿಲ್ಲ. ಅಕ್ಕನಿಗೆ ಕಾಯಿಲೆ ಬಂದ ಮೇಲೆ ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿದ್ದು ಅದೊಂದೇ ದಿನ.

ಹೆಂಗಸು ಹೋದ ಮೇಲೆ ನಾನು ನಗುತ್ತ ಹೇಳಿದೆ: "ಈಗ ಕಚೇರಿಯವರು ಬಂದಿದ್ರೆ ಎಂತ ಹೇಳುದು? ಅಂಗಡಿ ಅಂತಲೇ ಆಗ್ತಿತ್ತು."

"ದುಡ್ಡು ತೆಕ್ಕೊಳ್ಳಲಿಲ್ಲ ಅಂತ ಹೇಳು," ಎಂದಳು.

ಅದಾಗಿ ಹೆಚ್ಚು ದಿನವಾಗಿರಲಿಲ್ಲ. ಬೆಳಿಗ್ಗೆ ನಾನು ಶಟರ್ ಎತ್ತಿದಾಗ ಅವಳು ಎಚ್ಚರವಾಗಿದ್ದಳು. ಚಾ ತರುತ್ತೇನೆ ಎಂದು ಒಳಗೆ ಹೋದೆ. ಹಾಲು ಕಾಯುವಷ್ಟರಲ್ಲಿ ದಿನಸಿ ಅಂಗಡಿಯವರು ರಸ್ತೆಯಿಂದಲೇ ಕೂಗಿದರು, "ಟೀಚರೇ, ಬೇಗ ಬನ್ನಿ, ಅಕ್ಕನಿಗೆ ಎಂತದೋ ಆಗ್ತಾ ಉಂಟು!" ನಾನು ಬರುವಾಗ ಅವರು ಒಳಗೆ ಬಂದು ಅಕ್ಕನ ತಲೆಯನ್ನು ಒಂದು ಬದಿಗೆ ತಿರುಗಿಸಿ ಹಿಡಿದಿದ್ದರು. ಅವಳ ಕಣ್ಣು ತೆರೆದಿತ್ತು. ಆದರೆ ನಾನು ಎದುರು ನಿಂತದ್ದು ಅವಳಿಗೆ ತಿಳಿಯಲಿಲ್ಲ. ಅವರೇ ಆಂಬುಲೆನ್ಸಿಗೆ ಫೋನು ಮಾಡಿದರು. ತಮ್ಮ ಅಂಗಡಿಯನ್ನು ತೆರೆದದ್ದು ತೆರೆದ ಹಾಗೇ ಬಿಟ್ಟು ನನ್ನ ಜೊತೆ ಆಸ್ಪತ್ರೆಗೆ ಬಂದರು. ಮಂಗಳೂರಿಗೆ ಕರೆದುಕೊಂಡು ಹೋಗಬೇಕಾದೀತು ಎಂದು ಡಾಕ್ಟರು ಹೇಳುತ್ತಿದ್ದರು. ಅದರ ಅಗತ್ಯ ಬೀಳಲಿಲ್ಲ.

ಅವಳನ್ನು ಮನೆಗೆ ತಂದಾಗ ಎದುರಿನ ಕೋಣೆಯಲ್ಲೇ ಮಲಗಿಸಿದರು. ಮಂಚವನ್ನು ಗೋಡೆಗೆ ಒತ್ತಿ, ನೆಲದ ಮೇಲೆ ಚಾಪೆ ಹಾಸಿ ಮಲಗಿಸಿದರು. ಯಾರೋ ಶಟರನ್ನು ಪೂರ್ತಿ ಎತ್ತಿದರು. ರಸ್ತೆಯ ಬೆಳಕೆಲ್ಲ ಒಳಗೆ ಬಂತು. ಕಡಬದಿಂದ ನೆಂಟರು ಬಂದರು, ಅಕ್ಕನ ಹತ್ತಿರ ಹೊಲಿಸುತ್ತಿದ್ದ ಹೆಂಗಸರು ಜೀಪು ಮಾಡಿಕೊಂಡು ಬಂದರು. ಒಬ್ಬೊಬ್ಬರಾಗಿ ತುಳಸಿಯಲ್ಲಿ ಬಾಯಿಗೆ ನೀರು ಬಿಟ್ಟರು. ಜೆರಾಕ್ಸ್ ಕೇಳಲು ಬಂದು ಪರಿಚಯವಾದವರು, ಹಿಂದಿನ ಓಣಿಯವಳು, ಶಾಲೆಗೆ ಹೋಗುವ ಹುಡುಗಿಯರು. ಮೀನಿನವನು ಸ್ಕೂಟರನ್ನು ದೂರದಲ್ಲೇ ನಿಲ್ಲಿಸಿ, ಮೀನಿನ ವಾಸನೆ ಇದೆಯೆಂದು ಒಳಗೆ ಬರದೆ ರಸ್ತೆಯಲ್ಲೇ ನಿಂತು ಕೈಮುಗಿದ. ದಿನಸಿ ಅಂಗಡಿ ಇಡೀ ದಿನ ಮುಚ್ಚಿತ್ತು. ಇಷ್ಟು ಜನ ಅವಳಿಗಾಗಿ ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಬಂದವರಲ್ಲಿ ಎಷ್ಟೋ ಮಂದಿಯ ಮುಖ ನನಗೆ ಗುರುತೇ ಇರಲಿಲ್ಲ. ಅವಳಿಗೆ ಎಲ್ಲರ ಮನೆಕಥೆಯೂ ಗೊತ್ತಿತ್ತು.

ಉತ್ತರಕ್ರಿಯೆಯ ದಿನದ ಬೊಜ್ಜದ ಊಟ ಮುಗಿದು ನೆಂಟರು ಹೊರಟುಹೋದರು. ಮಂಚವನ್ನು ಎರವಲು ಕೊಟ್ಟವರು ಬಂದು ಬಿಚ್ಚಿ ಕೊಂಡುಹೋದರು, ಇನ್ನೊಬ್ಬರಿಗೆ ಬೇಕಾಗಿತ್ತಂತೆ. ಕೋಣೆ ಗುಡಿಸಿ, ಒರೆಸಿ, ಶಟರ್ ಎಳೆದೆ. ಅದೇ ವಾರ ಕಚೇರಿಯವರು ಬಂದರು.

ಬಂದವಳು ಚಿಕ್ಕ ಪ್ರಾಯದ ಹೆಣ್ಣುಮಗಳು. ಘಟ್ಟದ ಮೇಲಿನವಳು, ಹೊಸದಾಗಿ ಕೆಲಸಕ್ಕೆ ಸೇರಿದವಳು ಎಂದು ಮಾತಿನಲ್ಲೇ ತಿಳಿಯುತ್ತಿತ್ತು. ಕೈಯಲ್ಲಿ ನನ್ನ ಅರ್ಜಿ.

"ಮೇಡಂ, ನಿಮ್ಮ ಅಕ್ಕ ಇಲ್ಲಿ ವಾಸ ಇದ್ದಾರೆ ಅಂತ ಬರ್ದಿದ್ದೀರಾ. ಸ್ವಲ್ಪ ಶಟರ್ ತೆಗೀತೀರಾ?"

ತೆಗೆದೆ. ಖಾಲಿ ಕೋಣೆ. ಗೋಡೆಯಲ್ಲಿ ಮಂಚ ಒತ್ತಿದ ಗುರುತು, ಮೂಲೆಯಲ್ಲಿ ಪರದೆಯ ಸರಿಗೆ. ಅಷ್ಟೆ. ಅವಳು ಒಳಗೆ ಬಂದು ಸುತ್ತ ನೋಡಿದಳು.

"ಯಾರೂ ಇರೋ ಹಾಗೆ ಕಾಣ್ತಿಲ್ವಲ್ಲ. ಬಾಡಿಗೆಗೆ ಕೊಡೋದಕ್ಕೆ ಇಟ್ಟಿದ್ದೀರಾ?"

ಇಷ್ಟು ವರ್ಷ ಮಕ್ಕಳ ಎದುರು ನಿಂತು ಮಾತಾಡಿದವಳು, ಎಷ್ಟೋ ಸಲ ಆ ಕಚೇರಿಗೆ ಹೋಗಿ ಇದೇ ವಿಷಯ ವಾದಿಸಿದವಳು, ಈಗ ಗೋಡೆಯ ಮೇಲಿನ ಆ ಗುರುತನ್ನು ಸವರುತ್ತ ನಿಂತೆ. ಅವಳು ಹಾಳೆಯ ಮೇಲೆ ಏನೋ ಬರೆಯಲು ತೊಡಗಿದಳು. ಬಗ್ಗಿ ನೋಡಿದೆ. 'ಸದ್ಯ ಖಾಲಿ' ಎಂದು ಬರೆದಿದ್ದಳು.

"ಖಾಲಿ ಅಂತ ಬರೀಬೇಡಿ," ಎಂದೆ.

"ನೋಡಿದ್ದನ್ನೇ ಬರೀಬೇಕಲ್ವಾ ಮೇಡಂ."

ಅಷ್ಟರಲ್ಲಿ ದಿನಸಿ ಅಂಗಡಿಯವರು ರಸ್ತೆ ದಾಟಿ ಬಂದರು. ನನ್ನ ಮುಖ ನೋಡಿಯೇ ಅವರಿಗೆ ವಿಷಯ ತಿಳಿದಿರಬೇಕು. "ಎಂತ ಮೇಡಂ, ತೆರಿಗೆಯವರಾ? ಇಲ್ಲಿ ಇವರ ಅಕ್ಕ ಇದ್ರು. ತೀರಿಹೋದ್ರು. ಮೊನ್ನೆ ಮೊನ್ನೆ."

ಅವಳ ಪೆನ್ನು ನಿಂತಿತು.

"ಇಲ್ಲಿ ವ್ಯಾಪಾರ ಏನಾದರೂ ನಡೀತಿತ್ತಾ?" ಎಂದು ಮೆಲ್ಲಗೆ ಕೇಳಿದಳು.

"ಎಂತ ವ್ಯಾಪಾರ ಮಾರಾಯ್ರೆ! ಕೈ ಆಡುದಿಲ್ಲ, ಕಾಲು ಆಡುದಿಲ್ಲ. ಮಲಗಿದಲ್ಲೇ. ಆದರೂ ಬೆಳಿಗ್ಗೆ ನಾನು ಅಂಗಡಿ ತೆರೆಯುವಾಗ, ಸಾಯ್ಬ್ರೇ, ತಡ ಆಯ್ತಲ್ಲ ಇವತ್ತು, ಅಂತ ಕೇಳ್ತಿದ್ರು. ಈಗ ನಾನು ಎಷ್ಟು ಹೊತ್ತಿಗೆ ತೆರೆದ್ರೂ ಕೇಳುವವರು ಇಲ್ಲ." ಅವರು ಮುಖ ಬೇರೆ ಕಡೆ ತಿರುಗಿಸಿದರು. "ಎಲ್ಲಿ ಸೈನ್ ಹಾಕ್ಬೇಕು ಹೇಳಿ, ನಾನು ಹಾಕ್ತೇನೆ."

ನೆರೆಯವರ ಹೇಳಿಕೆ ಬೇಕು ಎಂದಳು. ಅವರು ಸಹಿ ಹಾಕಿದರು. ಹಿಂದಿನ ಓಣಿಯ ಹೆಂಗಸನ್ನೂ ಕರೆದು ತಂದರು. ಅವಳೂ ಹಾಕಿದಳು. ಆ ಹೆಣ್ಣುಮಗಳು ಬರೆದದ್ದನ್ನು ಹೊಡೆದುಹಾಕಿ ಹೊಸ ಹಾಳೆಯಲ್ಲಿ ಬರೆದು, ನನಗೆ ಓದಲು ಕೊಟ್ಟಳು. ಸದರಿ ಕೋಣೆಯನ್ನು ಮಾಲೀಕರ ಕುಟುಂಬದವರು ವಾಸಕ್ಕೆ ಬಳಸುತ್ತಿದ್ದುದು ನಿಜ ಎಂದಿತ್ತು. 'ಬಳಸುತ್ತಿದ್ದುದು' ಎಂಬಲ್ಲಿ ನನ್ನ ಕಣ್ಣು ನಿಂತಿತು. ಮಕ್ಕಳಿಗೆ ಭೂತಕಾಲ ಕಲಿಸಿದವಳು ನಾನು. ಆ ಪದ ತಪ್ಪಿರಲಿಲ್ಲ.

ಹೊರಡುವಾಗ ಅವಳು ಶಟರಿನ ಹತ್ತಿರ ತಿರುಗಿ ನಿಂತು, "ಮೇಡಂ, ಮುಂಚೆನೇ ಬರಬೇಕಿತ್ತು. ಫೈಲ್ ನನ್ನ ಕೈಗೆ ಬಂದಿದ್ದೇ ಹೋದ ವಾರ" ಎಂದಳು. ಅವಳದೇನೂ ತಪ್ಪಿಲ್ಲವೆಂದು ನನಗೆ ಗೊತ್ತಿತ್ತು. ತಲೆ ಆಡಿಸಿದೆ.

ತಿದ್ದಿದ ಬಿಲ್ಲು ತೆಗೆದುಕೊಳ್ಳಲು ಕಚೇರಿಗೆ ಬರಹೇಳಿದರು. ಅದೇ ಗುಮಾಸ್ತರು ಕೈಗೆ ಕೊಟ್ಟು, "ನೋಡಿ ಟೀಚರೇ, ಇಡೀ ಮನೆ ವಾಸ ಅಂತ ಆಯ್ತು. ಹೆಚ್ಚು ಕಟ್ಟಿದ್ದನ್ನು ಬರುವ ವರ್ಷಕ್ಕೆ ಹೊಂದಿಸ್ತಾರೆ. ಇನ್ನು ನಿಮಗೆ ತಲೆಬಿಸಿ ಇಲ್ಲ" ಎಂದರು. ಅವರಿಗೆ ಅಕ್ಕನ ವಿಷಯ ಗೊತ್ತಿರಲಿಲ್ಲ. ಅವರ ಮುಖದಲ್ಲಿ ನಿಜವಾದ ಸಂತೋಷವಿತ್ತು. ನಾನು ಉಪಕಾರ ಆಯಿತು ಎಂದು ಹೇಳಿ ಹೊರಗೆ ಬಂದೆ. ಗೆದ್ದಿದ್ದೆ. ಹೇಳಿದ್ದು ಸರಿ ಎಂದು ಸರಕಾರವೇ ಒಪ್ಪಿತ್ತು. ಹಾಗೆ ಒಪ್ಪಿದ ಹೊತ್ತಿಗೆ, ಆ ಕೋಣೆಯಲ್ಲಿ ವಾಸ ಎಂಬುದು ಸುಳ್ಳಾಗಿತ್ತು.

ಕಚೇರಿಯಿಂದ ಬಂದಾಗಲೆಲ್ಲ ಅಕ್ಕನಿಗೆ ವರದಿ ಒಪ್ಪಿಸಬೇಕಿತ್ತು. ಗುಮಾಸ್ತರು ಇವತ್ತು ಯಾವ ಅಂಗಿ ಹಾಕಿದ್ದರು, ಸರತಿಯಲ್ಲಿ ಯಾರಿದ್ದರು, ಯಾರು ಯಾರ ಮೇಲೆ ರೇಗಿದರು, ಎಲ್ಲ ಬಿಡಿಸಿ ಹೇಳಬೇಕು. ಒಂದನ್ನು ಬಿಟ್ಟರೂ ಅವಳಿಗೆ ಗೊತ್ತಾಗುತ್ತಿತ್ತು. ಈ ಸಲ ಹೇಳಲಿಕ್ಕೆ ಎಲ್ಲಕ್ಕಿಂತ ದೊಡ್ಡ ಸುದ್ದಿ ಇತ್ತು. ರಸ್ತೆಯಲ್ಲಿ ನಡೆದು ಬರುತ್ತ ನನಗೆ ಗೊತ್ತಿಲ್ಲದೆಯೇ ಮನಸ್ಸಿನಲ್ಲಿ ಅದನ್ನು ಜೋಡಿಸಿಕೊಳ್ಳುತ್ತಿದ್ದೆ, ಎಲ್ಲಿಂದ ಶುರು ಮಾಡುವುದು, ಎಲ್ಲಿ ಅವಳು ನಗಬಹುದು ಎಂದು. ನಮ್ಮ ರಸ್ತೆಯ ತಿರುವಿನಲ್ಲಿ ನೆನಪಾಯಿತು. ಕಾಲು ಅಲ್ಲೇ ನಿಂತಿತು.

ಮನೆಯೊಳಗೆ ಹೋಗಲು ಮನಸ್ಸಾಗಲಿಲ್ಲ. ದಿನಸಿ ಅಂಗಡಿಯವರು ಯಾರಿಗೋ ಕಡಲೆಬೇಳೆ ತೂಗುತ್ತಿದ್ದರು. ನನ್ನನ್ನು ನೋಡಿ, "ಎಂತಾಯ್ತು ಟೀಚರೇ ಕಚೇರಿಯಲ್ಲಿ?" ಎಂದು ಕೇಳಿದರು.

"ಆಯ್ತು," ಎಂದೆ. ಅಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಆದರೆ ನಿಲ್ಲಲಿಲ್ಲ. ಗುಮಾಸ್ತರ ನಗು, ಪಕ್ಕದ ಕೌಂಟರಿನ ಜಗಳ, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡು ಎಲ್ಲರೂ ಕಾದದ್ದು, ಒಂದೊಂದಾಗಿ ಹೇಳತೊಡಗಿದೆ. ಗಿರಾಕಿ ಕೈಚೀಲ ಹಿಡಿದು ಕೇಳುತ್ತ ನಿಂತ. ಅವರು ತಕ್ಕಡಿಯಿಂದ ಕೈ ತೆಗೆದು, ಸ್ಟೂಲನ್ನು ನೆರಳಿಗೆ ಎಳೆದು ಹಾಕಿದರು.

"ಕೂತ್ಕೊಳ್ಳಿ ಟೀಚರೇ. ನಿಧಾನ ಹೇಳಿ. ಮತ್ತೆ, ಆ ಪ್ರಿಂಟರ್ ಸರಿ ಮಾಡಿದ್ದು ಯಾರು?"